ಹಿರಿಯರ ಬೆನ್ನ ಹಿಂದಿನ ಗೋಡೆ

ನಮ್ಮ ಮನೆಯ ಇಂಟರ್ನೆಟ್ ಪೆಟ್ಟಿಗೆ ಇರುವುದು ಕೆಳಗಿನ ಅಂಗಡಿಯಲ್ಲಿ, ಬಾಗಿಲ ಪಕ್ಕ ನೆಲದ ಮೇಲಿರುವ ಭೂಮಿದೇವರ ಗೂಡಿಗೆ ನೇರ ಮೇಲೆ. ಕಂಪನಿಯವನು ತಂತಿ ಎಳೆದುಕೊಂಡು ಬಂದ ದಿನ ನಮ್ಮ ಅತ್ತೆ ಥಿನ್ ಅಲ್ಲೇ ಮೊಳೆ ಹೊಡೆಸಿದ್ದರು. ಗಿರಾಕಿಯನ್ನು ಕರೆತರುವ ದೇವರು, ಬಂದ ಗಿರಾಕಿಯನ್ನು ಕೂರಿಸುವ ಪೆಟ್ಟಿಗೆ, ಇಬ್ಬರೂ ಒಂದೇ ಕಡೆ ಇರಲಿ ಎಂಬುದು ಅವರ ಲೆಕ್ಕ. ದಿನಾ ಬೆಳಿಗ್ಗೆ ದೇವರಿಗೊಂದು ಸಿಗರೇಟು ಹಚ್ಚಿಡುತ್ತಾರೆ, ಅದರ ಹೊಗೆ ಪೆಟ್ಟಿಗೆಗೂ ಸಲ್ಲುತ್ತದೆ. ಏಡಿ ಸಾರಿನ ಶಾವಿಗೆ ತಿನ್ನಲು ಬಂದವರು ಫೋನು ನೋಡುತ್ತಾ ಕೂತರೆ ಇನ್ನೊಂದು ಬಟ್ಟಲು ಹೇಳುತ್ತಾರಂತೆ. ಇರಬಹುದು, ವ್ಯಾಪಾರದ ವಿಷಯದಲ್ಲಿ ಅತ್ತೆಯ ಮಾತಿಗೆ ನಾನು ಎದುರಾಡುವುದಿಲ್ಲ.

ಆದರೆ ಆ ಪೆಟ್ಟಿಗೆಯ ಸಿಗ್ನಲ್ಲಿಗೆ ನಮ್ಮ ಮನೆಯ ಮೆಟ್ಟಿಲು ಹತ್ತುವ ತ್ರಾಣವಿಲ್ಲ. ಬಂದರಿನ ಊರು ಹಾಯ್ ಫಾಂಗಿನ ನಮ್ಮ ಗಲ್ಲಿಯ ಮನೆಗಳೆಲ್ಲ ಅಗಲದಲ್ಲಿ ಜಿಪುಣ, ಎತ್ತರದಲ್ಲಿ ಧಾರಾಳ. ಕೆಳಗೆ ಅಂಗಡಿ, ಅದರ ಮೇಲೆ ನಾವು ಮಲಗುವ ಎರಡು ಕೋಣೆ, ಎಲ್ಲಕ್ಕಿಂತ ಮೇಲೆ ಹಿರಿಯರ ಪೂಜೆಯ ಕೋಣೆ, ಅದರ ಹಿಂದೆ ತಾರಸಿಗೆ ಬಾಗಿಲಿರುವ ಒಂದು ಪುಟ್ಟ ಕೋಣೆ. ನನ್ನ ಕಂಪ್ಯೂಟರ್ ಇರುವುದು ಆ ಪುಟ್ಟ ಕೋಣೆಯಲ್ಲಿ.

ಅದನ್ನು ಅಷ್ಟು ಮೇಲೆ ಯಾಕೆ ಇಟ್ಟುಕೊಂಡೆ ಎಂದರೆ, ನನ್ನ ಕೆಲಸ ಅಂಥದ್ದು. ಕಿವುಡರ ಕೈಮಾತನ್ನು ಬಾಯಿಮಾತಿಗೆ, ಬಾಯಿಮಾತನ್ನು ಕೈಮಾತಿಗೆ ತಿರುಗಿಸುವುದು ನನಗೆ ಬರುತ್ತದೆ. ನನ್ನ ಅಕ್ಕನಿಗೆ ಹುಟ್ಟಿನಿಂದ ಕಿವಿ ಕೇಳಿಸದು, ಹಾಗಾಗಿ ಬಾಯಿಗಿಂತ ಮೊದಲು ನನ್ನ ಕೈಗೆ ಮಾತು ಬಂದಿತ್ತು. ದೊಡ್ಡ ಊರಿನ ಒಂದು ಆಸ್ಪತ್ರೆಯವರು ಹೊಸದೊಂದು ಏರ್ಪಾಟು ಮಾಡಿದ್ದರು. ಕಿವುಡ ರೋಗಿ ಡಾಕ್ಟರ ಎದುರು ಕೂರುತ್ತಾನೆ, ಮೇಜಿನ ಮೇಲಿನ ಪರದೆಯಲ್ಲಿ ನನ್ನಂಥವಳೊಬ್ಬಳು ಇರುತ್ತಾಳೆ, ಇಬ್ಬರ ಮಾತನ್ನೂ ದಾಟಿಸುತ್ತಾಳೆ. ನನ್ನನ್ನು ಆರಿಸಿದ್ದರು, ಆದರೆ ಸೋಮವಾರದಿಂದ ಒಂದು ವಾರ ಪರೀಕ್ಷೆ. ಆ ವಾರದಲ್ಲಿ ಚಿತ್ರ ನಿಂತರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಮುಲಾಜಿಲ್ಲದೆ ಹೇಳಿದ್ದರು. ಅವರು ಹೇಳಿದ್ದರಲ್ಲಿ ತಪ್ಪೇನೂ ಇಲ್ಲ. ಫೋನಿನಲ್ಲಿ ದನಿ ಕಡಿದರೆ ಊಹಿಸಿಕೊಳ್ಳಬಹುದು. ಕೈಮಾತಿನಲ್ಲಿ ಚಿತ್ರ ಕಡಿದರೆ, ಎದೆ ನೋವು ಎನ್ನಲು ಹೊರಟವರು ಎದೆಯ ಮೇಲೆ ಕೈಯಿಟ್ಟು ಹಾಗೇ ಕಲ್ಲಾಗಿಬಿಡುತ್ತಾರೆ. ಎದೆಗೆ ಏನಾಯಿತು ಎಂದು ಡಾಕ್ಟರಿಗೆ ನಾನು ಏನೆಂದು ಹೇಳಲಿ?

ಅಂಗಡಿಯಲ್ಲಿ ಕೂತು ಮಾಡುವ ಹಾಗಿಲ್ಲ. ಯಾರದೋ ಮೂಲವ್ಯಾಧಿಯ ವಿಷಯ ಶಾವಿಗೆ ತಿನ್ನುವವರ ಕಿವಿಗೆ ಬಿದ್ದರೆ ರೋಗಿಗೂ ಅವಮಾನ, ಅತ್ತೆಯ ವ್ಯಾಪಾರಕ್ಕೂ ನಷ್ಟ. ನಡುವಿನ ಮಹಡಿಯಲ್ಲಿ ಆಗದು, ಅಲ್ಲಿ ಹಗಲು ಹೊತ್ತು ನನ್ನ ಗಂಡ ಮಲಗಿರುತ್ತಾರೆ. ಕೈ ಕಾಣಬೇಕಾದರೆ ನನಗೆ ಮುಖದ ಮೇಲೆ ದೊಡ್ಡ ದೀಪ ಬೇಕು, ನಿದ್ದೆ ಬರಬೇಕಾದರೆ ಅವರಿಗೆ ಕತ್ತಲೆ ಬೇಕು. ಉಳಿದದ್ದು ಮೇಲಿನ ಕೋಣೆ ಒಂದೇ.

ಗಂಡ ತ್ವಾನ್ ಬಂದರಿನಲ್ಲಿ ಕ್ರೇನ್ ನಡೆಸುತ್ತಾರೆ. ಮನೆಯಷ್ಟು ದೊಡ್ಡ ಕಬ್ಬಿಣದ ಡಬ್ಬಗಳನ್ನು ಹಡಗಿನಿಂದ ಹೂವಿನಂತೆ ಎತ್ತಿ ಇಡುವ ಮನುಷ್ಯನಿಗೆ ಒಂದು ಸಿಗ್ನಲ್ಲನ್ನು ಎರಡು ಮಹಡಿ ಎತ್ತಲು ಆಗಲಿಲ್ಲ. ಮೊದಲು ಒಂದು ರಿಪೀಟರ್ ತಂದು ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಸಿದರು. ಕೆಳಗಿನಿಂದ ಕುಂಟುತ್ತಾ ಬಂದದ್ದನ್ನು ಅದು ಕುಂಟುತ್ತಲೇ ಮೇಲಕ್ಕೆ ಕಳಿಸಿತು. ಅದಕ್ಕೆ ಜೊತೆಗಿರಲಿ ಎಂದು ಇನ್ನೊಂದು ತಂದರು.

"ಈಗ ನೋಡು, ಓಡುತ್ತೆ," ಎಂದರು.

"ಕುಂಟರು ಇಬ್ಬರಾದ್ರೂ ಅಷ್ಟೇ ರೀ," ಎಂದೆ ನಾನು. ಪರದೆಯ ಮೇಲೆ ಅಕ್ಕ ನನಗೆ ಏನೋ ಹೇಳಲು ಎತ್ತಿದ ಕೈ ಗಾಳಿಯಲ್ಲಿ ಹಾಗೇ ನಿಂತಿತ್ತು.

ಕೊನೆಗೆ ತ್ವಾನ್ ಸೋಲೊಪ್ಪಿಕೊಂಡು ದಪ್ಪ ತಂತಿಯ ಸುರುಳಿಯೊಂದನ್ನು ಹೆಗಲಿಗೆ ಹಾಕಿಕೊಂಡು ಬಂದರು. ಪೆಟ್ಟಿಗೆಯಿಂದ ಹೊರಟ ತಂತಿ ಮನೆಯ ನಡುವೆ ಬೆಳಕಿಗೆಂದು ಬಿಟ್ಟಿರುವ ಕಿಂಡಿಯಲ್ಲಿ ಮೇಲಕ್ಕೆ ಬಂದು ಪೂಜೆಯ ಕೋಣೆಯಲ್ಲಿ ತಲೆಯೆತ್ತಿತು. ಅಲ್ಲಿಯವರೆಗೆ ಸಲೀಸು. ಮುಂದಿನದು ಒಂದೇ ಹೆಜ್ಜೆ, ಪೂಜೆಯ ಕೋಣೆಗೂ ನನ್ನ ಕೋಣೆಗೂ ನಡುವಿನ ಗೋಡೆ. ಹಿರಿಯರ ಪೀಠ ಆ ಗೋಡೆಗೆ ಬೆನ್ನು ಕೊಟ್ಟು ಈ ತುದಿಯಿಂದ ಆ ತುದಿಯವರೆಗೆ ನಿಂತಿದೆ. ತಾರಸಿ ಸುತ್ತಿಸಿ ತಂದರೆ ನನ್ನ ಕೋಣೆಯ ಬಾಗಿಲು ಮುಚ್ಚುವ ಹಾಗಿಲ್ಲ, ಬಾಗಿಲು ಮುಚ್ಚದೆ ನನ್ನ ಕೆಲಸ ಆಗದು.

ಡ್ರಿಲ್ ಎತ್ತಿಕೊಂಡ ಮಗನನ್ನು ಅತ್ತೆ ಮೆಟ್ಟಿಲ ಬಾಯಲ್ಲೇ ತಡೆದರು. ಮಂಡಿನೋವಿಗೆ ಮೇಲೆ ಹತ್ತುವುದೇ ಅಪರೂಪ ಮಾಡಿದ್ದವರು ಅವತ್ತು ಹತ್ತಿ ಬಂದಿದ್ದರು.

"ಹಿರಿಯರ ಬೆನ್ನಿಗೆ ಡ್ರಿಲ್ ಇಡ್ತೀಯೇನೋ?"

"ಬೆನ್ನಿಗಲ್ಲಮ್ಮ, ಗೋಡೆಗೆ."

"ಗೋಡೆಗೆ ಒರಗಿ ಕೂತವರಿಗೆ ಗೋಡೆನೇ ಬೆನ್ನು. ನಾಳೆ ಪಾಡ್ಯ. ಕೇಳ್ತೀನಿ. ನಿಮ್ಮಪ್ಪ ಹೂಂ ಅಂದ್ರೆ ಕೊರಿ."

ಕೇಳುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ರೀತಿ. ಒಂದು ಮುಖಕ್ಕೆ ಸುಣ್ಣ ಬಳಿದ ಎರಡು ಹಳೆಯ ತೂತಿನ ಕಾಸನ್ನು ತಟ್ಟೆಯಲ್ಲಿ ಚೆಲ್ಲುತ್ತಾರೆ. ಒಂದು ಬಿಳಿ, ಒಂದು ಕಪ್ಪು ಬಿದ್ದರೆ ಒಪ್ಪಿಗೆ. ಎರಡೂ ಕಪ್ಪಾದರೆ ಬೇಡ ಎಂದರ್ಥ. ಎರಡೂ ಬಿಳಿಯಾದರೆ ಹಿರಿಯರು ನಗುತ್ತಿದ್ದಾರೆ, ಆಗ ಸರಿಯಾಗಿ ಯೋಚಿಸಿ ಮತ್ತೆ ಕೇಳಬೇಕು. ದಿನಕ್ಕೆ ಮೂರು ಸಲದ ಮೇಲೆ ಕೇಳುವಂತಿಲ್ಲ, ಸತ್ತವರಿಗೂ ಬೇಜಾರಾಗುತ್ತದೆ.

ಪಾಡ್ಯ ಶನಿವಾರ ಬಂದಿತ್ತು. ಅತ್ತೆ ಸೀಬೆಹಣ್ಣು, ಅಂಟಕ್ಕಿ ಅನ್ನ, ಒಂದು ಸಣ್ಣ ಬಟ್ಟಲು ಭಟ್ಟಿ ಸಾರಾಯಿ, ಮಾವನವರು ಸೇದುತ್ತಿದ್ದ ಸಿಗರೇಟು ಎಲ್ಲ ಇಟ್ಟರು. ಊದುಬತ್ತಿ ಹಚ್ಚಿ, ಜೋರು ದನಿಯಲ್ಲಿ ಮನೆಯ ವಿಳಾಸ ಹೇಳಿದರು. ಮೇಲಿಂದ ಬರುವವರು ಗಲ್ಲಿ ತಪ್ಪಬಾರದಲ್ಲ. ಆಮೇಲೆ ಎರಡು ವರ್ಷದ ಹಿಂದೆ ಹೋದ ಗಂಡನ ಹೆಸರು ಹಿಡಿದು ಕೇಳಿದರು: "ಸೊಸೆ ಕ್ವೆನ್ ಕೆಲಸಕ್ಕೆ ಅಂತ ಈ ಗೋಡೆ ಕೊರೀಬೇಕಂತೆ. ಒಪ್ಪಿಗೆನಾ?"

ಎರಡೂ ಕಪ್ಪು. ಮತ್ತೆ ಕೇಳಿದರು, ಮತ್ತೆ ಕಪ್ಪು. ಮೂರನೆಯ ಸಲ ಒಂದು ಕಾಸು ಕಪ್ಪಾಗಿ ಬಿತ್ತು, ಇನ್ನೊಂದು ಅಂಚಿನ ಮೇಲೆ ತಿರುಗುತ್ತಾ ತಿರುಗುತ್ತಾ ನನ್ನ ಜೀವ ಬಾಯಿಗೆ ತಂದು, ಕಪ್ಪಾಗಿಯೇ ಮಲಗಿತು.

"ಒಪ್ಪಲಿಲ್ಲ," ಎಂದರು ಅತ್ತೆ. ಅವರ ದನಿಯಲ್ಲಿ ಬೇಸರ ಕಾಣಲಿಲ್ಲ, ನನಗೆ ಉರಿದದ್ದು ಅದಕ್ಕೇ. "ಹುಣ್ಣಿಮೆಗೆ ಮತ್ತೆ ಕೇಳೋಣ."

"ಹುಣ್ಣಿಮೆ ಹೊತ್ತಿಗೆ ಆ ಕುರ್ಚಿಲಿ ಬೇರೆ ಯಾರೋ ಕೂತಿರ್ತಾರಮ್ಮ. ಪರೀಕ್ಷೆ ನಾಡಿದ್ದು," ಎಂದೆ. ಗಂಡನ ಅಪ್ಪ ಅಮ್ಮನನ್ನು ನಾನೂ ಅಪ್ಪ, ಅಮ್ಮ ಎಂದೇ ಕರೆಯುವುದು.

"ನಾನೇನು ಮಾಡ್ಲಿ? ಕಾಸು ನಾನು ಹೇಳಿದ್ ಹಾಗೆ ಬೀಳತ್ತಾ?"

ನಾನು ತ್ವಾನ್ ಮುಖ ನೋಡಿದೆ. ರಾತ್ರಿಯೆಲ್ಲ ಆಕಾಶದಲ್ಲಿ ಕೂತು ಕೆಲಸ ಮಾಡುವ ಆಸಾಮಿ, ಮನೆಯೊಳಗೆ ಹೆಂಗಸರ ದನಿ ಏರಿದರೆ ನೆಲ ನೋಡುತ್ತಾರೆ. ಡ್ರಿಲ್ಲನ್ನು ಮಗುವಿನಂತೆ ಎತ್ತಿಕೊಂಡು ಮಲಗಲು ಹೋದರು.

ಮಧ್ಯಾಹ್ನ ಅಂಗಡಿ ಖಾಲಿಯಾದ ಮೇಲೆ ನಾಳೆಯ ಸಾರಿಗೆ ಏಡಿ ಕುಟ್ಟಲು ಇಬ್ಬರೂ ಹಿತ್ತಿಲ ಕಡೆ ಕೂತೆವು. ಗದ್ದೆಯ ಏಡಿಗಳ ಚಿಪ್ಪು ಬಿಡಿಸಿ ಕೊಡುವುದು ನನ್ನ ಪಾಲು, ಕಲ್ಲಿನ ಒರಳಲ್ಲಿ ಕುಟ್ಟುವುದು ಅವರದು. ನಾನು ಚಿಪ್ಪನ್ನು ಬೇಕೆಂದೇ ಸದ್ದು ಮಾಡಿ ಬೋಗುಣಿಗೆ ಎಸೆಯುತ್ತಿದ್ದೆ.

"ಏಡಿ ಏನು ಮಾಡ್ತು ನಿಂಗೆ?" ಎಂದರು ಅತ್ತೆ.

"ಅಪ್ಪ ಬೇಡ ಅನ್ನೋರಲ್ಲಮ್ಮ. ಆ ಕೋಣೆಲಿ ನಾನು ಈ ಕೆಲಸ ಮಾಡ್ತೀನಿ ಅಂದ್ರೆ ಬೇಡ ಅಂತಾರಾ? ಬೇಡ ಅಂದದ್ದು ಅಪ್ಪ ಅಲ್ಲ, ನೀವು."

ಒನಕೆ ನಿಂತಿತು. ಬೈಯುತ್ತಾರೆ ಎಂದುಕೊಂಡೆ. ಅವರು ಬೈಯಲಿಲ್ಲ.

"ಇರಬಹುದು," ಎಂದರು. "ತ್ವಾನ್‌ನ ಅಪ್ಪ ಏನಂತಾರೆ ಅಂತ ನಂಗೇನು ಗೊತ್ತು? ನಿಂಗೆ ತಾನೇ ಗೊತ್ತು. ಕೊನೇಲಿ ಮಾತಾಡಿದ್ದೆಲ್ಲ ನಿನ್ನ ಹತ್ರ."

ನನ್ನ ಮಾವ ಬಿನ್ ಈ ಗಲ್ಲಿಗೇ ಹೆಸರಾದ ಗಂಟಲಿನವರು. ಒಲೆಯ ಮುಂದೆ ನಿಂತು 'ಎರಡು ಬಟ್ಟಲು, ಖಾರ ಹೆಚ್ಚು' ಎಂದರೆ ತಿರುವಿನ ಪಂಕ್ಚರ್ ಅಂಗಡಿಯವನಿಗೆ ಕೇಳುತ್ತಿತ್ತು. ಆ ಗಂಟಲಿಗೇ ಕ್ಯಾನ್ಸರ್ ಬಂತು. ಆಪರೇಷನ್ನಿನಲ್ಲಿ ದನಿಪೆಟ್ಟಿಗೆ ಪೂರ್ತಿ ತೆಗೆದರು. ಮನೆಗೆ ಬಂದವರು ಗಿರಾಕಿಗಳ ಕಣ್ಣಿಗೆ ಬೀಳುವುದಿಲ್ಲ ಎಂದು ಹಟ ಹಿಡಿದು ಮೇಲಿನ ಪುಟ್ಟ ಕೋಣೆ ಸೇರಿಕೊಂಡರು. ಬರೆದು ತೋರಿಸಿ ಎಂದರೆ ಪೆನ್ನು ಎಸೆಯುತ್ತಿದ್ದರು. ಊಟ ಕೊಡಲು ಹೋದಾಗ ನಾನೇ ಅವರಿಗೆ ಒಂದೊಂದಾಗಿ ಕೈಮಾತು ಕಲಿಸಿದೆ. ಎಂಟು ತಿಂಗಳು ಬದುಕಿದ್ದರು. ಕೊನೆಕೊನೆಗೆ ಕೈಯಲ್ಲೂ ಮೊದಲಿನ ಹಾಗೇ ಕೂಗಾಡುತ್ತಿದ್ದರು.

"ನಿಮ್ಮನ್ನೂ ಕಲೀರಿ ಅಂತ ಕರೆದಿದ್ದೆ ಅಲ್ವಾ ಅಮ್ಮ," ಎಂದೆ. ನನ್ನ ದನಿ ಇಳಿದಿತ್ತು.

"ಕರೆದಿದ್ದೆ. ಕಲ್ತಿದ್ರೆ ಏನರ್ಥ? ಇನ್ನು ಆ ಗಂಟಲು ಬರಲ್ಲ ಅಂತ ನಾನೂ ಒಪ್ಕೊಂಡ ಹಾಗೆ. ನಾನೊಬ್ಬಳಾದ್ರೂ ಒಪ್ಕೋಬಾರದು ಅಂತಿದ್ದೆ." ಅವರು ಒರಳಿನೊಳಗೆ ನೋಡುತ್ತಾ ಹೇಳಿದರು. "ಬಾಗಿಲಲ್ಲಿ ನಿಂತು ನೋಡ್ತಿದ್ದೆ. ಇಬ್ರೂ ಕೈ ಆಡಿಸ್ತಾ ನಗ್ತಿದ್ರಿ. ನಾನು ಬಂದ್ರೆ ನಿಲ್ಲಿಸ್ತಿದ್ರಿ. ನಲವತ್ತು ವರ್ಷ ಸಂಸಾರ ಮಾಡಿ, ನನ್ ಗಂಡ ಏನು ಹೇಳ್ದ ಅಂತ ಸೊಸೆ ಹತ್ರ ಕೇಳ್ಬೇಕಾ? ಈಗ ಮತ್ತೆ ಅದೇ ಕೋಣೆಲಿ ಬಾಗಿಲು ಹಾಕ್ಕೊಂಡು ಅದೇ ಕೈ ಆಡಿಸ್ತೀನಿ ಅಂತೀಯ."

ಇಷ್ಟು ದಿನ ಅವರಿಗೆ ಆ ಕೋಣೆಯ ಮಾತು ಬೇಡವಾಗಿದೆ ಎಂದು ನಾನು ತಿಳಿದಿದ್ದೆ. ಬೇಕಾಗಿತ್ತು, ಕೇಳಲು ಬಾಯಿ ಬಂದಿರಲಿಲ್ಲ.

"ನೀವು ಬಂದಾಗ ನಿಲ್ಲಿಸ್ತಿದ್ದದ್ದು ಯಾಕೆ ಅಂದ್ರೆ," ಎಂದೆ, "ನಿಮ್ಮ ವಿಷಯನೇ ಆಡ್ತಿದ್ವಿ."

"ನನ್ನ ವಿಷಯ ಏನು?"

"ಕೈಮಾತಲ್ಲಿ ಹೆಸರನ್ನ ಅಕ್ಷರ ಅಕ್ಷರ ಹೇಳ್ತಾ ಕೂರಲ್ಲಮ್ಮ. ಮನುಷ್ಯರ ಗುರುತು ಹಿಡಿದು ಒಬ್ಬೊಬ್ಬರಿಗೆ ಒಂದು ಸನ್ನೆ ಇಡ್ತಾರೆ, ಅದೇ ಹೆಸರು. ಅಪ್ಪ ನಮಗೆಲ್ಲ ಇಟ್ಟಿದ್ರು. ಇವರಿಗೆ ಹೀಗೆ," ಎಂದು ಬೆರಳನ್ನು ಕೊಕ್ಕೆ ಮಾಡಿ ಮೇಲೆತ್ತಿ ತೋರಿಸಿದೆ, "ಕ್ರೇನ್. ನಂಗೆ ಹೀಗೆ, ಮೆಣಸಿನಕಾಯಿ ಕಚ್ಚೋದು."

"ಸರಿಯಾಗೇ ಇಟ್ಟಿದಾರೆ," ಎಂದರು ಅತ್ತೆ.

"ನಿಮಗೆ ಹೀಗೆ."

ನಾನು ಬಲಗೈ ಮಡಿಸಿ, ಮಣಿಕಟ್ಟಿನ ಹಿಂಬದಿಯನ್ನು ಹಣೆಯ ಮೇಲೆ ಎಡದಿಂದ ಬಲಕ್ಕೆ ಎಳೆದೆ. ಒಲೆಯ ಮುಂದೆ ಬೆವರು ಒರೆಸಿಕೊಳ್ಳುವ ಬಗೆ. ಏಡಿ ಮೆತ್ತಿದ ಬೆರಳು ಮುಖಕ್ಕೆ ತಾಗದಂತೆ ಅವರು ಜೀವನವಿಡೀ ಹಾಗೇ ಒರೆಸಿಕೊಂಡವರು.

ಕುಟ್ಟಿ ಕುಟ್ಟಿ ಅತ್ತೆಯ ಹಣೆಯಲ್ಲಿ ಆಗಲೂ ಬೆವರಿತ್ತು. ಅಭ್ಯಾಸದಿಂದ ಅವರ ಕೈ ಅದರಷ್ಟಕ್ಕೆ ಮೇಲೆದ್ದಿತು, ಹಣೆಯ ಹತ್ತಿರ ಬಂದು ನಡುವೆಯೇ ನಿಂತುಬಿಟ್ಟಿತು.

"ಎಷ್ಟು ಸಲ ಹೇಳಿರ್ತಾರೆ?" ಎಂದು ಕೇಳಿದರು.

"ನಿಮ್ಮ ಹೆಸರಿಲ್ದೆ ಅಪ್ಪನಿಗೆ ಮಾತೇ ಶುರುವಾಗ್ತಿರಲಿಲ್ಲ."

"ಏನಂತಿದ್ರು?"

"ದೊಡ್ಡದೇನಲ್ಲಮ್ಮ. ಕೆಳಗೆ ಇವಳ ದನಿ ಏರ್ತಿದೆ, ಯಾರ ಜೊತೆನೋ ಜಗಳಕ್ಕೆ ನಿಂತಿದಾಳೆ, ಹೋಗಿ ನೋಡು ಅಂತ. ಇವಳು ಊಟ ಮಾಡಿದ್ಲಾ ಅಂತ. ಇವತ್ತು ಸಾರಿಗೆ ಹುಳಿ ಜಾಸ್ತಿ ಹಾಕಿದಾಳೆ, ವಾಸನೆ ಇಲ್ಲಿಗೇ ಬರ್ತಿದೆ ಅಂತ."

"ಜಾಸ್ತಿ ಹಾಕಿರಲಿಲ್ಲ," ಎಂದರು ಅತ್ತೆ. ಕಣ್ಣು ತುಂಬಿತ್ತು, ಆದರೂ ಅಷ್ಟು ಬಿಟ್ಟುಕೊಡಲು ತಯಾರಿರಲಿಲ್ಲ. "ಅವರ ನಾಲಿಗೆಗೆ ಮದ್ದಿನ ಕಹಿ ಹತ್ತಿತ್ತು. ನನ್ನ ಸಾರಿಗೆ ಯಾಕೆ ಹೆಸರಿಡ್ಬೇಕು?" ಒನಕೆ ಮತ್ತೆ ಬಿತ್ತು, ಮೊದಲಿಗಿಂತ ಜೋರಾಗಿ. ನಾನು ಏಡಿಯ ಚಿಪ್ಪನ್ನು ಸದ್ದಿಲ್ಲದೆ ಬೋಗುಣಿಗೆ ಹಾಕತೊಡಗಿದೆ. ಗೋಡೆಯ ಮಾತು ಇಬ್ಬರೂ ಎತ್ತಲಿಲ್ಲ. ಅವತ್ತಿನ ಮೂರು ಸಲ ಮುಗಿದಿತ್ತು, ಎತ್ತಿ ಪ್ರಯೋಜನವೂ ಇರಲಿಲ್ಲ.

ಆಸ್ಪತ್ರೆಯವರಿಗೆ ನಾಳೆ ಫೋನು ಮಾಡಿ, ಆಗುವುದಿಲ್ಲ ಎಂದು ಹೇಳಿಬಿಡುವುದೆಂದು ತೀರ್ಮಾನಿಸಿದೆ. ರೋಗಿಯನ್ನು ಅರ್ಧ ಮಾತಿನಲ್ಲಿ ಬಿಡುವುದಕ್ಕಿಂತ ಮೊದಲೇ ಹೇಳುವುದು ಮರ್ಯಾದೆ. ಹಾಗೆ ತೀರ್ಮಾನಿಸಿದೆನೇ ಹೊರತು ದುಃಖ ತಡೆಯಲಾಗಲಿಲ್ಲ. ಆ ಕೆಲಸ ನನಗೆ ಬೇಕಾಗಿತ್ತು. ಸಂತೆಯಲ್ಲಿ, ಮದುವೆ ಮನೆಯಲ್ಲಿ ಅಕ್ಕನ ಪಕ್ಕ ನಿಂತು ಬಿಟ್ಟಿ ಮಾಡಿಕೊಂಡು ಬಂದದ್ದನ್ನು ಯಾರೋ ಮೊದಲ ಸಲ ಕೆಲಸ ಎಂದು ಕರೆದಿದ್ದರು.

ಭಾನುವಾರ ಬೆಳಿಗ್ಗೆ ಬಟ್ಟೆ ಒಣಹಾಕಲು ಮೇಲೆ ಹೋದೆ. ಪೂಜೆಯ ಕೋಣೆಯಿಂದ ಊದುಬತ್ತಿಯ ವಾಸನೆ ಬರುತ್ತಿತ್ತು. ಅತ್ತೆ ಪೀಠದ ಮುಂದೆ ಒಬ್ಬರೇ ನಿಂತಿದ್ದರು. ಆ ಮಂಡಿಯಲ್ಲಿ ಮೂರು ದಿನದಲ್ಲಿ ಮೂರನೆಯ ಸಲ ಹತ್ತಿದ್ದರು. ನಾನು ಬಕೆಟ್ಟು ಕೆಳಗಿಡದೆ ಅಲ್ಲೇ ನಿಂತೆ.

ಈ ಸಲ ಅವರು ವಿಳಾಸ ಹೇಳಲಿಲ್ಲ. ಬಾಯಿಯೇ ತೆರೆಯಲಿಲ್ಲ. ಮಾವನವರ ಫೋಟೋ ನೋಡುತ್ತಾ ಮಣಿಕಟ್ಟನ್ನು ಹಣೆಯ ಮೇಲೆ ಎಳೆದುಕೊಂಡರು. ಸರಿಹೋಗಲಿಲ್ಲ ಎನ್ನಿಸಿತೋ ಏನೋ, ಇನ್ನೊಂದು ಸಲ ಎಳೆದುಕೊಂಡರು. ಆಮೇಲೆ ಗೋಡೆಯತ್ತ ಬೆರಳು ತೋರಿಸಿ, ಬೆರಳನ್ನೇ ತಿರುಪಿ ಕೊರೆಯುವಂತೆ ಮಾಡಿದರು. ಮೆಣಸಿನಕಾಯಿ ಕಚ್ಚುವಂತೆ ಹಲ್ಲು ಕಡಿದರು, ಅದು ನಾನು. ಕಾಸು ತೆಗೆದು ತಟ್ಟೆಗೆ ಚೆಲ್ಲಿದರು.

ಎರಡೂ ಬಿಳಿ.

ಅತ್ತೆ ಬಗ್ಗಿ ನೋಡಿದರು. ಅವರ ಹೆಗಲು ಅಲುಗಿತು, ಅಳುತ್ತಿದ್ದಾರೆ ಎಂದುಕೊಂಡು ಒಳಗೆ ಹೋದೆ. ನಗುತ್ತಿದ್ದರು.

"ನೋಡು," ಎಂದರು ನನ್ನ ಕಡೆ ತಿರುಗದೆ. "ನನ್ನ ಕೈ ನೋಡಿ ನಗ್ತಿದಾರೆ. ಅಷ್ಟು ಕೆಟ್ಟದಾಗಿ ಮಾಡಿದ್ನಾ?"

"ಸ್ವಲ್ಪ ಕೆಟ್ಟದಾಗೇ ಇತ್ತಮ್ಮ."

"ಮೊದಲಿಂದ್ಲೂ ಹೀಗೇ. ನಾನು ಹೊಸದು ಏನು ಮಾಡಿದ್ರೂ ಮೊದಲು ನಗೋದು." ಅವರು ಕಣ್ಣೊರೆಸಿಕೊಂಡರು, ಮಣಿಕಟ್ಟಿನಿಂದಲೇ.

"ಮತ್ತೆ ಕೇಳ್ಬೇಕಲ್ವಾ? ಎರಡೂ ಬಿಳಿ ಬಿದ್ರೆ ಮತ್ತೆ ಕೇಳ್ಬೇಕು," ಎಂದೆ. ಕೇಳಿದರೆ ಕಪ್ಪೂ ಬೀಳಬಹುದು, ಆದರೂ ಪದ್ಧತಿ ಪದ್ಧತಿಯೇ.

ಅತ್ತೆ ಕಾಸುಗಳನ್ನು ತಮ್ಮ ಅಂಗಿಯ ಜೇಬಿಗೆ ಹಾಕಿಕೊಂಡರು. "ಬೇರೆಯವರ ಮನೆ ಹಿರಿಯರಾದ್ರೆ ಮತ್ತೆ ಕೇಳ್ಬೇಕು. ಇವರು ನನ್ನ ಗಂಡ. ನಕ್ಕ ಮೇಲೆ ಒಂದು ಸಲನೂ ನಂಗೆ ಬೇಡ ಅಂದೋರಲ್ಲ. ಹೋಗು, ತ್ವಾನ್‌ನ ಎಬ್ಬಿಸು. ಡ್ರಿಲ್ ತರ್ಲಿ."

ಕೊರೆಯುವಾಗ ಅವರು ಪೀಠಕ್ಕೆ ಕೆಂಪು ಬಟ್ಟೆ ಹೊದಿಸಿ, ಊದುಬತ್ತಿಯ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ನಿಂತರು, ಅದು ಕೂದಲೆಳೆಯಷ್ಟೂ ಅಲುಗಬಾರದು, ಅಲುಗಿದರೆ ಹಿರಿಯರು ನೆಲೆ ತಪ್ಪುತ್ತಾರಂತೆ. "ಸ್ವಲ್ಪ ಸದ್ದಾಗತ್ತೆ, ಸಹಿಸ್ಕೊಳ್ಳಿ," ಎಂದು ಗಂಡನಿಗೂ, "ಹಡಗು ಇಳಿಸ್ತಿದೀಯಾ, ಬೇಗ ಮುಗಿಸು," ಎಂದು ಮಗನಿಗೂ ಹೇಳಿದರು. ನಿದ್ದೆಗಣ್ಣಿನ ತ್ವಾನ್ ತೂತಿನಲ್ಲಿ ತಂತಿ ತೂರಿಸಿದರು. ಆಚೆ ಕೋಣೆಯಲ್ಲಿ ಕೂತು ನಾನು ಅದರ ತುದಿ ಹಿಡಿದು ಎಳೆದುಕೊಂಡೆ. ಬೆರಳಿಗೆಲ್ಲ ಗೋಡೆಯ ಪುಡಿ ಮೆತ್ತಿತು.

ಸೋಮವಾರ ನನಗೆ ಮೊದಲು ಬಂದವರು ಉಪ್ಪಿನ ಗದ್ದೆಯಲ್ಲಿ ದುಡಿಯುವ ಒಬ್ಬ ವಯಸ್ಸಾದ ಹೆಂಗಸು. ಅವರ ಕೈಮಾತು ನಮ್ಮ ಕಡೆಯದಕ್ಕಿಂತ ಒರಟು. ಎದೆಯ ಮೇಲೆ ಕೈಯಿಟ್ಟರು. ಕೈ ನಿಲ್ಲಲಿಲ್ಲ. ಎದೆಯಿಂದ ಎಡ ತೋಳಿಗೆ, ತೋಳಿನಿಂದ ಕಿರುಬೆರಳಿಗೆ ನೋವು ಇಳಿಯುವ ದಾರಿಯನ್ನೆಲ್ಲ ಅವರು ತೋರಿಸಿದರು, ನಾನು ಡಾಕ್ಟರಿಗೆ ಬಿಡದೆ ಹೇಳಿದೆ. ಡಾಕ್ಟರು ಅವರನ್ನು ಮನೆಗೆ ಕಳಿಸದೆ ಅಲ್ಲೇ ಮಲಗಿಸಿಕೊಂಡರು. ಪರದೆ ಆರಿದ ಮೇಲೆ ನಾನು ಸ್ವಲ್ಪ ಹೊತ್ತು ನನ್ನ ಕೈಗಳನ್ನೇ ನೋಡುತ್ತಾ ಕೂತೆ.

ವಾರ ಮುಗಿಯಿತು, ಕುರ್ಚಿ ನನ್ನದೇ ಆಯಿತು. ಈಗ ಮಧ್ಯಾಹ್ನ ಅಂಗಡಿಯ ಗದ್ದಲ ಇಳಿದ ಮೇಲೆ ಅತ್ತೆ ನಿಧಾನವಾಗಿ ಮೇಲೆ ಬರುತ್ತಾರೆ. ಮೊದಲು ಪೂಜೆಯ ಕೋಣೆಯಲ್ಲಿ ಸ್ವಲ್ಪ ಹೊತ್ತು, ಅಲ್ಲಿ ಏನು ಹೇಳುತ್ತಾರೋ ನಾನು ಇಣುಕುವುದಿಲ್ಲ. ಆಮೇಲೆ ತಾರಸಿಗೆ ಬಂದು ನನ್ನ ಕಿಟಕಿಯ ಗಾಜಿನ ಆಚೆ, ಪರದೆಯಲ್ಲಿರುವ ರೋಗಿ ಕಾಣದಂತೆ ಓರೆಯಾಗಿ ನಿಲ್ಲುತ್ತಾರೆ. ಬಾಗಿಲು ಬಡಿಯುವುದಿಲ್ಲ, ಕೂಗುವುದಿಲ್ಲ. ಬಂದಿರುವುದು ಯಾರೆಂದು ಮೊದಲು ಹೇಳುತ್ತಾರೆ, ಆಮೇಲೆ ಊಟಕ್ಕೆ ಬಾ ಎನ್ನುತ್ತಾರೆ. ಮಾವನವರು ಆ ಹೆಸರನ್ನು ಹಣೆಯ ಮೇಲೆ ಎಡದಿಂದ ಬಲಕ್ಕೆ ಎಳೆಯುತ್ತಿದ್ದರು, ಅತ್ತೆ ಬಲದಿಂದ ಎಡಕ್ಕೆ ಎಳೆಯುತ್ತಾರೆ. ನಾನು ತಿದ್ದಲು ಹೋಗಿಲ್ಲ. ಹೆಸರು ಅವರದು, ಹೇಗೆ ಬೇಕಾದರೂ ಹೇಳಿಕೊಳ್ಳಲಿ.